ಮೂರು ಇಂಚಿನ ಚೀಲ

ನಾನು ಜಂಪರ್, ಅಂದರೆ ರವಿಕೆ, ಹೊಲಿಯುವವಳು. ಸಿಂದಗಿಯಲ್ಲಿ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಓಣಿಯಲ್ಲಿ ನಮ್ಮ ಮನೆ. ಅದರ ಮುಂದಿನ ಖೋಲಿಯೇ ನನ್ನ ಅಂಗಡಿ. ಹದಿನಾರು ವರ್ಷದಿಂದ ಈ ಓಣಿಯ ಹೆಂಗಸರ ಬೆನ್ನು, ಭುಜ, ತೋಳು, ಎದೆ ಎಲ್ಲದರ ಅಳತೆ ನನ್ನ ಹತ್ತಿರ ಇದೆ. ಯಾರಿಗೆ ಮೈ ಬಂತು, ಯಾರು ಸೊರಗಿದರು, ಯಾರಿಗೆ ಎಷ್ಟನೆಯ ತಿಂಗಳು ಎಂಬುದು ಅವರ ಅತ್ತೆಯಂದಿರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗುತ್ತದೆ. ಹೀಗಾಗಿ ನನಗೆ ಸ್ವಲ್ಪ ಸೊಕ್ಕು. ಹೆಣ್ಣಿನ ಮೈಯಲ್ಲಿ ನಾನು ಕಾಣದ್ದು ಏನಿದೆ ಎಂಬ ಸೊಕ್ಕು. ಬಾಯಿಯೂ ಜೋರು ಎನ್ನುತ್ತಾರೆ, ಅದು ಸುಳ್ಳಲ್ಲ.

ನನಗೆ ಮೂವತ್ತಾರು ತುಂಬಿದ ವರ್ಷ ಆ ಬಾಯಿ ಬಂದಾಯಿತು. ಮುಟ್ಟು ಶುರುವಾದರೆ ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಕುರ್ಚಿಯ ಮೇಲೆ ಹಳೆಯ ಸೀರೆ ನಾಲ್ಕು ಮಡಿಕೆ ಮಾಡಿ ಹಾಕಿಕೊಂಡು ಕೂರುತ್ತಿದ್ದೆ. ಗಿರಾಕಿ ಎದುರಿಗಿದ್ದರೆ ಏಳುವುದಕ್ಕೇ ಹೆದರಿಕೆ. ನೀರಿನ ಕೊಡ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಒಬ್ಬ ಖಾಸಗಿ ಡಾಕ್ಟರಿಗೆ ತೋರಿಸಿದೆ. ಹೊಟ್ಟೆ ಒತ್ತಿ ನೋಡಿದರು, "ಎಷ್ಟು ಮಕ್ಕಳ್ರಿ?" ಎಂದರು. ಎರಡು ಎಂದೆ. "ಆತಲ್ಲ ಮತ್ತ. ಇನ್ನೇನ ಮಾಡ್ತೀರಿ ಅದನ್ನ ಇಟ್ಕೊಂಡು? ಚೀಲ ತಗಸಿಬಿಡ್ರಿ. ಬಿಟ್ರ ಮುಂದ ಕ್ಯಾನ್ಸರ್ ಆದೀತು" ಎಂದರು. ಆ ಕೊನೆಯ ಮಾತು ಕಿವಿಗೆ ಬಿದ್ದ ಮೇಲೆ ನಾನು ಏನನ್ನೂ ಕೇಳಲಿಲ್ಲ. ಪಂಚಮಿ ಹಬ್ಬ ಮುಗಿದ ಮೇಲಿನ ಬುಧವಾರ ಆಪರೇಶನ್ ಎಂದು ದಿನ ಗೊತ್ತುಮಾಡಿದರು.

ನಮ್ಮ ಕಡೆ ಗರ್ಭಕೋಶಕ್ಕೆ ಚೀಲ ಎನ್ನುತ್ತಾರೆ. ಜೋಳದ ಚೀಲ, ಸಿಮೆಂಟಿನ ಚೀಲ, ಹಾಗೆಯೇ ಗರ್ಭದ ಚೀಲ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಯಾವ ಕಡೆಯ ಬಸ್ಸನ್ನಾದರೂ ಹತ್ತಿ, ಹೆಂಗಸರ ಪಕ್ಕ ಕೂತು ಮಾತಿಗೆಳೆಯಿರಿ. ಸೊಂಟ ನೋವಿನಿಂದ ಶುರುವಾದ ಮಾತು ಚೀಲಕ್ಕೆ ಬಂದು ನಿಲ್ಲುತ್ತದೆ. ನಮ್ಮ ಓಣಿಯಲ್ಲೇ ಮೂವರು ತೆಗೆಸಿದ್ದರು. ನಮ್ಮ ಅವ್ವ ತನ್ನ ಇಪ್ಪತ್ತೊಂಬತ್ತನೆಯ ವಯಸ್ಸಿಗೇ ತೆಗೆಸಿದ್ದಳು. ಅವಳು ಇರುವುದು ಇಂಡಿ ಹತ್ತಿರದ ಹಳ್ಳಿಯಲ್ಲಿ, ನಿಂಬೆ ತೋಟದ ಮನೆಯಲ್ಲಿ. ಫೋನಿನಲ್ಲಿ ಹೇಳಿದರೆ ನಕ್ಕುಬಿಟ್ಟಳು.

"ಅದಕ್ಯಾಕ ಇಷ್ಟ ಅಂಜ್ತಿ? ನಾ ತಗಸಿಲ್ಲೇನ? ಖಾಲಿ ಚೀಲ ಮನ್ಯಾಗ ಇಟ್ರ ಇಲಿ ಹೊಗತಾವ. ತಗಸಿ ಹೊರಗ ಒಗಿ. ಬಾಣಂತನ ಮಾಡಿದಂಗ ನಾ ಬಂದು ಮಾಡ್ತೇನಿ."

ನಮ್ಮ ಮನೆಯವರಂತೂ ಟ್ರ್ಯಾಕ್ಟರ್ ರಿಪೇರಿಯ ಮನುಷ್ಯ. ಎಂಜಿನ್ನಿನ ಒಳಗಿನದು ಎಲ್ಲಾ ಗೊತ್ತು, ಹೆಂಡತಿಯ ಒಳಗಿನದು ಎಂದರೆ ಕಿವಿ ಕೆಂಪಾಗುತ್ತದೆ. "ನೀನೂ ನಿಮ್ಮವ್ವನೂ ಕೂಡಿ ಏನ ಮಾಡ್ತೀರಿ ಮಾಡ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಬುಧವಾರಕ್ಕೆ ಇನ್ನೂ ಹದಿನೈದು ದಿನ ಇದ್ದಾಗ ಸಿಸ್ಟರ್ ಬಂದರು. ಹೆಸರು ಬೇಡ, ಊರಿಗೆಲ್ಲಾ ಅವರು ಸಿಸ್ಟರ್. ಪಕ್ಕದ ಹಳ್ಳಿಯ ಉಪಕೇಂದ್ರದಲ್ಲಿ ನರ್ಸು. ಐವತ್ತೈದು ದಾಟಿದ ಹೆಣ್ಣುಮಗಳು, ನಡಿಗೆ ಮಾತ್ರ ಬಸ್ಸು ತಪ್ಪುತ್ತಿದೆಯೇನೋ ಅನ್ನುವ ಹಾಗೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಎಷ್ಟು ಹೆರಿಗೆ ಮಾಡಿಸಿದ್ದಾರೆ ಎಂದು ಕೇಳಿದರೆ, "ಸಾಲಿ ತುಂಬ ನಾ ಹಡಸಿದ ಹುಡುಗ್ರ ಅದಾವ ನೋಡ್, ಎಣಿಸ್ಕೋ" ಎನ್ನುತ್ತಿದ್ದರು. ಅವರ ಜಂಪರುಗಳನ್ನು ನಾನೇ ಹೊಲಿಯುವುದು.

"ತಂಗಿ, ಒಂದು ಹೊಲಿಗಿ ಐತಿ. ಜಂಪರಲ್ಲ" ಎಂದರು. ಕೈಚೀಲದಿಂದ ನಾಲ್ಕು ಮಡಿಕೆಯ, ಗರ್ಭಕೋಶದ ಒಂದು ದೊಡ್ಡ ಚಿತ್ರ ತೆಗೆದು ನನ್ನ ಕತ್ತರಿಸುವ ಮೇಜಿನ ಮೇಲೆ ಹರವಿದರು. ಮಡಿಕೆಗಳಲ್ಲಿ ಬಣ್ಣ ಹೋಗಿತ್ತು. "ಇದನ್ನ ತೋರಿಸಿದ್ರ ಹೆಣ್ಮಕ್ಕಳು ಏನಂತಾರ ಗೊತ್ತೈತೇನ? ಹೋರಿ ಮಾರಿ ಅಂತಾರ. ಇವು ಎರಡು ಕೋಡಂತ, ಇದು ಮೂತಿ ಅಂತ. ಮೊನ್ನಿ ಒಬ್ಬಾಕಿ, ಸಿಸ್ಟರ್, ದನದ ದವಾಖಾನಿ ಚಿತ್ರ ತಂದೀರಿ ನೋಡ್ರಿ ಅಂದ್ಲು."

ನಾನು ನಗಲಿಲ್ಲ. ನನಗೂ ಅದು ಹೋರಿಯ ಮುಖವಾಗಿಯೇ ಕಂಡಿತ್ತು.

"ಬಟ್ಟೀಲೆ ಹೊಲದು ಕೊಡು. ಕೈಯಾಗ ಹಿಡಿಯೂವಂಗ ಇರಬೇಕು, ಬಿಚ್ಚಿ ತೋರಸೂವಂಗ ಇರಬೇಕು."

"ಅಳತಿ ಹೇಳ್ರಿ" ಎಂದು ಪೆನ್ಸಿಲ್ ಹಿಡಿದೆ.

"ಉದ್ದ ಮೂರ ಇಂಚ. ಮ್ಯಾಲ ಅಗಲ ಎರಡ. ದಪ್ಪ ಒಂದ."

"ಗೊಂಬಿ ಅಳತಿ ಬ್ಯಾಡ್ರಿ ಸಿಸ್ಟರ್, ಖರೇ ಅಳತಿ ಹೇಳ್ರಿ."

"ಖರೇ ಅಳತಿನ ಹೇಳಾಕತ್ತೇನಿ."

ನಾನು ಟೇಪನ್ನು ಮೇಜಿನ ಮೇಲೆ ಇಟ್ಟು ಮೂರು ಇಂಚಿಗೆ ಬೆರಳು ಇಟ್ಟೆ. ಒಂದು ಸಣ್ಣ ಪೇರಲ ಹಣ್ಣು! ನನಗೆ ಸಿಟ್ಟೇ ಬಂತು. "ಅಲ್ರಿ, ನನ್ನ ಮಗ ಹುಟ್ಟಿದಾಗ ಮೂರೂವರಿ ಕಿಲೋ ಇದ್ದ. ಇದರಾಗ ಹ್ಯಾಂಗ ಕುಂತಿದ್ದ?"

"ಕೂಸು ಬೆಳದಂಗ ಅದೂ ಬೆಳೀತೈತಿ. ಒಂಬತ್ತ ತಿಂಗಳಿಗೆ ಎದಿ ಗೂಡಿನ ತನಕ ಬರತೈತಿ. ಹಡದ ಮ್ಯಾಲ ಒಂದೂವರಿ ತಿಂಗಳದಾಗ ತಿರುಗಿ ತನ್ನ ಅಳತಿಗೆ ತಾನ ಬಂದು ಕುಂದರತೈತಿ."

ಇದನ್ನು ಕೇಳಿದಾಗ ನನಗೆ ಏನಾಯಿತು ಎಂಬುದು ಹೊಲಿಗೆಯವರಿಗಷ್ಟೇ ಅರ್ಥವಾದೀತು. ಜಂಪರ್ ಹೊಲಿಯುವಾಗ ನಾವು ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿರುತ್ತೇವೆ, ಮುಂದೆ ಮೈ ಬಂದರೆ ಬಿಚ್ಚಿ ಸಡಿಲ ಮಾಡಲು. ಬಿಚ್ಚಿದರೆ ಹಳೆಯ ಹೊಲಿಗೆಯ ಗುರುತು ಸಾಯುವ ತನಕ ಹೋಗುವುದಿಲ್ಲ. ಮತ್ತೆ ಬಿಗಿ ಮಾಡಿದರೆ ಇನ್ನೊಂದು ಗುರುತು. ಎಷ್ಟೇ ಚಲೋ ಕೈಯಿದ್ದರೂ ಎರಡು ಸಲಕ್ಕಿಂತ ಹೆಚ್ಚು ಬಿಚ್ಚಿ ಹೊಲಿದರೆ ಬಟ್ಟೆ ಜಾಳಾಗುತ್ತದೆ. ಇದು ನೋಡಿದರೆ ಮೂರು ಇಂಚಿನಿಂದ ಎದೆಗೂಡಿನ ತನಕ ಹೋಗಿ, ಮತ್ತೆ ಮೂರು ಇಂಚಿಗೆ ಬಂದು, ಇನ್ನೊಂದು ಕೂಸು ಎಂದರೆ ಮತ್ತೆ ಹೊರಡುತ್ತದಂತೆ. ಅಬ್ಬಾ ಎಂದೆ. ಸಿಸ್ಟರ್ ನಕ್ಕು, ಬರುವ ವಾರ ಬರುತ್ತೇನೆ ಎಂದು ಹೋದರು.

ಹೊಲಿಯಲು ಕೂತೆ. ನಮ್ಮಲ್ಲಿ ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಜಂಪರಿಗೆ ಹಸಿರು ಖಣದ ಬಟ್ಟೆ ಕೊಟ್ಟು ಕುಬಸದ ಕಾರ್ಯ ಮಾಡುತ್ತಾರೆ. ಆ ಹಸಿರು ಖಣದ ಕುಬಸ ಹೊಲಿದು ಉಳಿದ ತುಂಡುಗಳು ನನ್ನ ಗಂಟಿನಲ್ಲಿ ಯಾವಾಗಲೂ ಇರುತ್ತವೆ. ಹೊರಗಿನ ಬಟ್ಟೆಗೆ ಅದನ್ನೇ ಆರಿಸಿದೆ. ಒಳಗೆ ಎಷ್ಟು ಜಾಗ ಬಿಡಬೇಕು ಎಂದು ಸಿಸ್ಟರಿಗೆ ಫೋನ್ ಮಾಡಿ ಕೇಳಿದೆ. "ಜಾಗ ಎಲ್ಲೈತಿ? ಎಲ್ಲಾ ಗೋಡಿನ. ಮುಂದಿನ ಗೋಡಿ ಹಿಂದಿನ ಗೋಡಿಗೆ ಹತ್ತಿಕೊಂಡ ಇರತೈತಿ" ಎಂದರು. ಅಂದರೆ ಖಾಲಿ ಚೀಲ ಎಂಬ ಮಾತೇ ಸುಳ್ಳು. ಇಲಿ ಹೊಗುವುದಿರಲಿ, ಅಲ್ಲಿ ಇರುವೆಗೂ ಜಾಗವಿಲ್ಲ! ಗೋಡೆ ದಪ್ಪ ಬರಲೆಂದು ಹಳೆಯ ಸೀರೆಯ ಪದರಗಳನ್ನು ಒಂದರ ಮೇಲೊಂದು ಇಟ್ಟು ಕೌದಿಯ ಹಾಗೆ ಕೈಹೊಲಿಗೆ ಹಾಕಿದೆ. ಅಗಲದ ಕಡೆ ಮೇಲೆ, ಕಿರಿದು ಕೆಳಗೆ. ಕೆಳಗಿನದಕ್ಕೆ ಗರ್ಭದ ಕಂಠ ಎಂದು ಹೆಸರಂತೆ. ಕಂಠ ಕತ್ತರಿಸುವುದು ನನ್ನ ದಿನದ ಕೆಲಸ, ಆದರೆ ಇಷ್ಟು ಬಿಗಿಯಾದ ಕಂಠ ನಾನು ಯಾರಿಗೂ ಹೊಲಿದಿರಲಿಲ್ಲ. ಒಂದು ದಾರ ತೂರುವಷ್ಟು ತೂತು. ಅದೇ ಹೆರಿಗೆಯ ಹೊತ್ತಿಗೆ ಕೂಸಿನ ತಲೆ ಹಿಡಿಯುವಷ್ಟು ತೆರೆಯುತ್ತದೆ.

ಎರಡು ಬದಿಗೆ ಎರಡು ನಳಿಕೆ. ಸೀರೆಯೊಳಗಿನ ಪರಕಾರಕ್ಕೆ ಕಟ್ಟುವ ಲಾಡಿ ಹೊಲಿಯುವ ಹಾಗೆ ಸಣ್ಣಗೆ ಹೊಲಿದು, ಮಗುಚಿ, ನಾಲ್ಕು ನಾಲ್ಕು ಇಂಚು ಬಿಟ್ಟೆ. ನಳಿಕೆಯ ತುದಿಗೆ ಚಿತ್ರದಲ್ಲಿ ಬೆರಳು ಬೆರಳಾಗಿ ಏನೋ ಇತ್ತು. ನೋಡಿದ ಕೂಡಲೇ ಗೊತ್ತಾಯಿತು: ಕುಚ್ಚು. ಸೀರೆಯ ಸೆರಗಿಗೆ ಕಟ್ಟುವ ಕುಚ್ಚು. ರೇಷ್ಮೆ ದಾರದಲ್ಲಿ ಕಟ್ಟಿದೆ. ಅಂಡಾಶಯ ಎರಡು, ಒಂದೊಂದು ಸಿಪ್ಪೆ ಸುಲಿಯದ ಬಾದಾಮಿಯಷ್ಟು. ಅದರಲ್ಲಿ ತತ್ತಿಗಳಿರುತ್ತವೆ ಎಂದು ಸಿಸ್ಟರ್ ಹೇಳಿದ್ದಕ್ಕೆ ಸಾಸಿವೆ ತುಂಬಿ ಬಾಯಿ ಹೊಲಿದೆ. ಒತ್ತಿದರೆ ಕಾಳು ಕೈಗೆ ಸಿಗಬೇಕು. ಕಡೆಗೆ ತೆಳ್ಳನೆಯ ಮಲ್ ಬಟ್ಟೆಯ ಒಂದು ಹೊದಿಕೆ, ಹೆಗಲ ಮೇಲಿಂದ ಎರಡೂ ಕಡೆ ಇಳಿಬಿದ್ದದ್ದು. ದೊಡ್ಡವರೆದುರು ನಾವು ಸೆರಗು ಹೊದೆಯುವುದಿಲ್ಲವೇ, ಅದೇ ಥರ.

ಮೂರು ದಿನ ಹಿಡಿಯಿತು. ಗಿರಾಕಿಗಳು ಬೈದರು. ಮೈಯಲ್ಲಿ ತ್ರಾಣ ಇಲ್ಲದಿದ್ದರೂ ಆ ಮೂರು ದಿನ ನಾನು ಆಪರೇಶನ್ ಮರೆತಿದ್ದೆ.

ಸಿಸ್ಟರ್ ಬಂದು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ವಾ ವಾ ವಾ, ಏನ ಕೈಯವ್ವ ನಿಂದು!" ಎಂದರು. ನಾನು ಉಬ್ಬಿದೆ. ಆಮೇಲೆ ಅವರ ಕಣ್ಣು ಕುಚ್ಚಿನ ಹತ್ತಿರ ನಿಂತಿತು. "ಇಲ್ಲೆ ಯಾಕ ಹೊಲದಿ?"

ನಾನು ಕುಚ್ಚನ್ನು ಅಂಡಾಶಯಕ್ಕೆ ಹತ್ತಿಸಿ ಸುತ್ತಲೂ ಸಣ್ಣ ಹೊಲಿಗೆ ಹಾಕಿದ್ದೆ, ದಾರವೇ ಕಾಣದ ಹಾಗೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅದೇ. "ಚಿತ್ರದಾಗ ಅಲ್ಲೆ ಬಿಟ್ಟುಹೋಗಿತ್ರಿ. ಛಾಪಿಸಿದವ್ರು ತಪ್ಪು ಮಾಡ್ಯಾರ. ನಾ ಜೋಡಸೇನಿ."

ಸಿಸ್ಟರ್ ಮೇಜು ಬಡಿದು ನಕ್ಕರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. "ಬಿಟ್ಟಿಲ್ಲ ತಂಗಿ, ಅದು ಇರೂದ ಹಂಗ. ಅಲ್ಲೆ ಹೊಲಿಗಿ ಇಲ್ಲ. ಬಿಚ್ಚು."

"ಬಿಚ್ಚೂದಾ? ಬಾಯಿ ತೆರದ ಬಿಡೂದಾ? ತತ್ತಿ ನಡುವ ಬಿದ್ದು ಹೋದ್ರ?"

"ಬೀಳಬಾರದಂತನ ಕುಚ್ಚ ಅದಾವ. ತತ್ತಿ ಹೊರಗ ಬರೂ ವ್ಯಾಳ್ಯಾಕ ಈ ಕುಚ್ಚ ಹತ್ತಿರ ಸರದು, ಅಂಡಾಶಯದ ಮ್ಯಾಲ ಕೈ ಆಡಿಸಿ, ತತ್ತಿ ಎತ್ತಿ ಒಳಗ ತಗೋತಾವ. ತಿಂಗಳಾ ತಿಂಗಳಾ."

ನಾನು ಜಗಳಕ್ಕೇ ನಿಂತೆ. ತೆರೆದ ತುದಿ ಬಿಡುವುದು ನಮ್ಮ ಕಸುಬಿನಲ್ಲಿ ಮರ್ಯಾದೆಗೇಡು. ಎಳೆ ಬಿಡುತ್ತದೆ, ಗಿರಾಕಿ ಮುಖಕ್ಕೆ ಒಗೆದು ಹೋಗುತ್ತಾಳೆ. ಹದಿನಾರು ವರ್ಷದಲ್ಲಿ ನಾನು ಒಂದು ತುದಿಯನ್ನೂ ಹಾಗೆ ಬಿಟ್ಟವಳಲ್ಲ. ಆದರೆ ಸಿಸ್ಟರ್ ಮಾತಿನಲ್ಲಿ ಪಕ್ಕಾ ಇದ್ದರು. ಬ್ಲೇಡು ತೆಗೆದುಕೊಂಡು ಒಂದೊಂದೇ ಹೊಲಿಗೆ ಬಿಚ್ಚಿದೆ. ಕುಚ್ಚು ಸಡಿಲವಾಗಿ ಸಾಸಿವೆಯ ಗಂಟಿನ ಮೇಲೆ ಹರಡಿಕೊಂಡಿತು. ಸುಮ್ಮನೆ ಅದನ್ನೇ ನೋಡಿದೆ. ಹೊಲಿಯದೆ, ಕಟ್ಟದೆ, ಬರುತ್ತದೆ ಎಂದು ನಂಬಿ ಕೈ ಚಾಚಿಕೊಂಡು ಕೂತಿರುವ ಕೆಲಸ. ಇದನ್ನು ಮಾಡಿದವರು ಯಾರೋ, ಅವರಿಗೆ ನನಗಿಂತ ಧೈರ್ಯ ಹೆಚ್ಚು. ನಾನು ಎರಡೂ ಕೈ ಎತ್ತಿ ಆ ಬಟ್ಟೆಯ ತುಂಡಿಗೆ ಮುಗಿದೆ, ತಮಾಷೆಗಲ್ಲ.

"ಇನ್ನೊಂದು ಐತಿ" ಎಂದರು ಸಿಸ್ಟರ್. "ಒಳಗಿನ ಗೋಡಿಗೆ ಒಂದು ಪದರ ಇರತೈತಿ. ತಿಂಗಳಾ ಬೆಳೀತೈತಿ, ಕೂಸು ಬರಲಿಲ್ಲಂದ್ರ ಕಳಚಿ ಬೀಳತೈತಿ. ಅದ ಮುಟ್ಟು. ಹೊಲಸೂ ಅಲ್ಲ, ಮೈಲಿಗೀನೂ ಅಲ್ಲ. ಅದನ್ನ ಹ್ಯಾಂಗ ತೋರಸೂದು?"

"ಅಸ್ತರ ಅನ್ರಿ ಮತ್ತ" ಎಂದೆ.

ಸಿಸ್ಟರ್ ನನ್ನ ಮುಖವನ್ನೇ ನೋಡಿದರು. ಅಸ್ತರ ಎಂದರೆ ಜಂಪರಿನ ಒಳಬಟ್ಟೆ. ನಮ್ಮ ಕಡೆ ಅದು ಗೊತ್ತಿಲ್ಲದ ಹೆಣ್ಣುಮಗಳಿಲ್ಲ. "ಅಸ್ತರ! ಯವ್ವಾ, ಇಪ್ಪತ್ತೆಂಟ ವರ್ಷ ಆತು ಈ ಮಾತ ಹುಡಕಾಕತ್ತೇನಿ. ಒಳಪದರ ಅಂತೇನಿ, ಲೋಳೆಪೊರೆ ಅಂತೇನಿ, ಎಲ್ಲಾರೂ ಆಕಳಸ್ತಾರ. ಅಸ್ತರ!"

ಕೆಂಪು ಅರಿವೆಯಲ್ಲಿ ಅಸ್ತರ ಮಾಡಿ, ತೆಗೆದು ಹಾಕಲು ಬರುವ ಹಾಗೆ ಸಣ್ಣ ಟಿಚ್ ಬಟನ್ ಇಟ್ಟೆ. ಅದನ್ನು ಇಡುತ್ತಿರುವಾಗ ಬಾಯಿಂದ ತಾನಾಗಿಯೇ ಬಂತು: "ಅಸ್ತರ ಕೆಟ್ರ ಏನ ಮಾಡ್ತಾರ್ರಿ?"

"ನಿನ್ನ ಕಸಬಿನಾಗ ಏನ ಮಾಡ್ತಿ?"

"ಅಸ್ತರ ಬದಲಿ ಮಾಡ್ತೇನಿ. ಅಷ್ಟಕ್ಕ ಜಂಪರ್ ಯಾರ ತಿಪ್ಪಿಗೆ ಒಗೀತಾರ?"

ಸೂಜಿ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ: ಹನ್ನೆರಡು ದಿನದ ಮುಟ್ಟು, ಡಾಕ್ಟರ್, ಕ್ಯಾನ್ಸರ್ ಎಂಬ ಮಾತು, ಬುಧವಾರ. ಸಿಸ್ಟರ್ ಮುಖ ಕೆಂಪಗಾಯಿತು. "ಸ್ಕ್ಯಾನಿಂಗ್ ಮಾಡ್ಯಾರೇನ? ಒಳಗಿನ ತುಣುಕು ತಗದು ಪರೀಕ್ಷಾಕ್ಕ ಕಳಸ್ಯಾರೇನ? ಅಂಡಾಶಯ ಇಡ್ತಾರೋ ತಗೀತಾರೋ ಕೇಳೀಯೇನ?" ಎಲ್ಲಕ್ಕೂ ಇಲ್ಲ ಎಂದೆ. "ಹದಿನಾರ ವರ್ಷ ಗಿರಾಕಿ ಅಳತಿ ತಗೊಳ್ಳದ ಕತ್ತರಿ ಹಿಡದೀಯೇನ? ಮತ್ತ ನಿನ್ನ ಮೈಗೆ ಹ್ಯಾಂಗ ಒಪ್ಪಿದಿ? ತಗಿಯೂ ಪ್ರಸಂಗ ಬಂದ್ರ ತಗೀಬೇಕು, ನಾ ಬ್ಯಾಡ ಅನ್ನಾಕಿ ಅಲ್ಲ. ಎಷ್ಟೋ ಮಂದಿ ಜೀವ ಅದರಿಂದ ಉಳದೈತಿ. ಆದ್ರ ಮೊದಲ ನೋಡಬೇಕು. ಬಿಜಾಪುರದಾಗ ದೊಡ್ಡ ದವಾಖಾನಿಗೆ ಹೋಗು."

ಅಂಡಾಶಯ ತೆಗೆದರೆ ಏನಾಗುತ್ತದೆ ಎಂದು ಕೇಳಿದೆ. ಮುಟ್ಟು ನಿಲ್ಲುವ ವಯಸ್ಸು ಒಂದೇ ದಿನದಲ್ಲಿ ಬಂದುಬಿಡುತ್ತದೆ ಎಂದರು. ಮೈ ಉರಿ, ಬೆವರು, ಎಲುಬು ಸವೆಯುವುದು. ನನಗೆ ಅವ್ವ ನೆನಪಾದಳು. ನಾನು ಒಂಬತ್ತು ಹತ್ತು ವರ್ಷದವಳಿದ್ದಾಗ, ಥಂಡಿಯ ಮುಂಜಾನೆ ನಾವೆಲ್ಲ ಕೌದಿಯೊಳಗೆ ಮುದುಡಿಕೊಂಡಿದ್ದರೆ, ಅವ್ವ ಕಟ್ಟೆಯ ಮೇಲೆ ಕೂತು ಮೊರದಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಕುತ್ತಿಗೆಗೆ ಹಸಿ ಅರಿವೆ. ಅವ್ವನಿಗೆ ಎಲ್ಲರಿಗಿಂತ ಸೆಕೆ ಹೆಚ್ಚು ಎಂದು ನಾವು ನಗುತ್ತಿದ್ದೆವು. ಆ ನಗೆ ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆ.

ಇಷ್ಟಾದರೂ ನನಗೆ ಗಟ್ಟಿ ಮನಸ್ಸಾಗಲಿಲ್ಲ. ಒಂದು ಕಡೆ ಡಾಕ್ಟರ್, ಇನ್ನೊಂದು ಕಡೆ ಸಿಸ್ಟರ್. ನಡುವೆ ಕ್ಯಾನ್ಸರ್ ಎಂಬ ಮಾತು ಮುಳ್ಳಿನ ಹಾಗೆ ಕೂತಿತ್ತು. ಪಂಚಮಿ ಮುಗಿಯಿತು. ಭಾನುವಾರ ಇಂಡಿ ಬಸ್ಸಿಗೆ ಅವ್ವ ಬಂದಿಳಿದಳು. ಒಂದು ಕೈಯಲ್ಲಿ ನಿಂಬೆಹಣ್ಣಿನ ಚೀಲ, ಇನ್ನೊಂದರಲ್ಲಿ ಬಾಣಂತಿಗೆ ಕೊಡುವ ಅಂಟಿನ ಉಂಡಿಯ ಡಬ್ಬಿ. ಆಪರೇಶನ್ನಿಗೆ ಬಾಣಂತನ!

"ಬಿಜಾಪುರಕ್ಕ ಹೋಗಿ ಇನ್ನೊಮ್ಮಿ ತೋರಸ್ಬೇಕಂತ ಮಾಡೇನಿಬೇ" ಎಂದೆ.

"ಯಾಕ? ದಿನಾ ಗೊತ್ತಾಗೇತಿ, ಉಂಡಿ ಕಟ್ಟೇನಿ. ಆ ನರ್ಸ್ ಏನರ ತಲಿ ಕೆಡಿಸ್ಯಾಳೇನ? ಹೆಚ್ಚಿಗಿ ಕಲತಾಕಿ ಆಗಬ್ಯಾಡ. ನನಗ ಏನಾಗೇತಿ? ಗುಂಡಕಲ್ಲ ಇದ್ದಂಗ ಇದ್ದೇನಿ."

ಗುಂಡುಕಲ್ಲು ಎಂದವಳು ಮೊಣಕಾಲು ಹಿಡಿದುಕೊಂಡು ಕೂತಳು. ಚಹಾ ಮಾಡಲು ಒಳಗೆ ಹೋದೆ. ಹೊರಗೆ ಬಂದಾಗ ಅವ್ವ ಮಷೀನಿನ ಹತ್ತಿರ ನಿಂತು, ಸಿಸ್ಟರ್‌ಗೆಂದು ಹೊಲಿದು, ಅವರಿನ್ನೂ ಒಯ್ಯದೆ ಉಳಿದಿದ್ದನ್ನು ಕೈಯಲ್ಲಿ ಹಿಡಿದಿದ್ದಳು.

"ಯಾರ ಕೂಸಿಗಿ ಕುಲಾಯಿ ಇದು? ಎಷ್ಟ ಚಂದ ಕುಚ್ಚ ಕಟ್ಟೀಯಲ್ಲ. ಸಣ್ಣದಾತು, ತಲಿ ಹೊಗಂಗಿಲ್ಲ."

"ಕುಲಾಯಿ ಅಲ್ಲಬೇ. ಚೀಲ."

"ಯಾವ ಚೀಲ?"

"ಗರ್ಭದ ಚೀಲ. ಖರೇ ಅಳತಿ ಇಷ್ಟ."

ಅವ್ವ ನಂಬಲಿಲ್ಲ. ನಂಬದೆ ಅದನ್ನು ಹಿಂದೆ ಮುಂದೆ ತಿರುಗಿಸಿದಳು. ಅಂಗೈ ಮೇಲೆ ಇಟ್ಟುಕೊಂಡಳು. ಅಂಗೈ ಇನ್ನೂ ಉಳಿಯಿತು. ಟಿಚ್ ಬಟನ್ ಬಿಚ್ಚಿ ಅಸ್ತರ ತೆಗೆದು ನೋಡಿದಳು, ಮತ್ತೆ ಹಾಕಿದಳು. ನಾನು ಒಂದೊಂದಾಗಿ ಹೇಳಿದೆ, ಸಿಸ್ಟರ್ ಹೇಳಿದ ಹಾಗೆಯೇ. ಕುಚ್ಚನ್ನು ಎಳೆದು ನೋಡಿ, "ಇಲ್ಲೆ ಹೊಲಿಯೂದ ಮರತೀಯಲ್ಲ" ಎಂದಳು. ನನ್ನವ್ವನೇ ಸರಿ! ಇರುವುದೇ ಹಾಗೆ ಎಂದೆ. ಸಾಸಿವೆಯ ಗಂಟು ಒತ್ತಿ ಏನಿದು ಎಂದಳು. ತತ್ತಿ ಎಂದೆ. "ನೀ ನಿಮ್ಮವ್ವನ, ಅಂದ್ರ ನಮ್ಮ ಆಯಿ ಹೊಟ್ಟ್ಯಾಗ ಇದ್ದಾಗನ ನಿನ್ನ ತತ್ತಿ ಎಲ್ಲಾ ನಿನ್ನೊಳಗ ತಯಾರಾಗಿದ್ದುವಂತ. ನಾ ಆಗೂ ತತ್ತೀನೂ ಅದರಾಗ ಇತ್ತು. ಹಂಗ ನೋಡಿದ್ರ ನಾ ಆಯಿ ಹೊಟ್ಟ್ಯಾಗೂ ಇದ್ದೆ."

ಅವ್ವನ ಹೆಬ್ಬೆರಳು ಹಸಿರು ಖಣದ ಮೇಲೆ ಆಡುತ್ತಿತ್ತು. "ಇಷ್ಟ?" ಎಂದಳು. "ಇಷ್ಟರಾಗ ನೀ ಇದ್ದ್ಯೇನ?"

"ನಾನೂ ಇದ್ದೆ, ತಮ್ಮನೂ ಇದ್ದ."

"ನಾ ದೊಡ್ಡದಿರತೈತಿ ಅಂತ ತಿಳ್ಕೊಂಡಿದ್ದೆ. ಹಡದ ಮ್ಯಾಲ ಒಳಗ ಜೋತಾಡಕೋತ ಇರತೈತಿ, ಆ ಭಾರಕ್ಕ ನಡ ನೋಯತೈತಿ ಅಂದಿದ್ರು ಎಲ್ಲಾರೂ." ಅದನ್ನು ಕೈಯಲ್ಲಿ ತೂಗಿ ನೋಡಿದಳು: "ಇಷ್ಟ ಇದ್ದದ್ದು ಯಾರಿಗೆ ಭಾರ ಆಗಿತ್ತ?"

ನಾನು ಥಂಡಿಯ ಮುಂಜಾನೆಯ ಮಾತು ತೆಗೆದೆ. ಸಾಸಿವೆಯ ಗಂಟುಗಳನ್ನೂ ಆಗ ತೆಗೆದಿರಬೇಕು, ಅದಕ್ಕೇ ಆ ಉರಿ ಇರಬೇಕು ಎಂದೆ. ಅವ್ವ ತಲೆ ಎತ್ತಲಿಲ್ಲ. "ಮೂವತ್ತಕ್ಕ ಮುದುಕಿ ಆದಿ ಅಂತಿದ್ದ ನಿಮ್ಮಪ್ಪ. ನಾ ಮನೀ ಕೆಲಸದ ದಣಿವು ಅಂತ ತಿಳ್ಕೊಂಡಿದ್ದೆ. ನನಗ ಯಾರೂ ತೋರಸಲಿಲ್ಲ ನೋಡ್ ಇದನ್ನ." ಚಹಾ ಆರಿ ಕೆನೆಗಟ್ಟಿತು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದವಳೇ, "ಬುಧವಾರ ಬ್ಯಾಡ. ನಾಳೆ ಮುಂಜಾನೆ ಬಿಜಾಪುರ ಬಸ್ಸಿಗೆ ಹೋಗೂಣು. ನಾನೂ ಬರ್ತೇನಿ" ಎಂದಳು.

ಹೋದೆವು. ಅಲ್ಲಿಯ ಲೇಡಿ ಡಾಕ್ಟರ್ ಸ್ಕ್ಯಾನಿಂಗ್ ಮಾಡಿಸಿದರು. ಅಸ್ತರದಲ್ಲಿ ಕಡಲೆಕಾಳಿನಷ್ಟು ಒಂದು ಗಂಟು ಬೆಳೆದಿತ್ತು. ರಕ್ತ ಹೋಗುತ್ತಿದ್ದುದು ಅದರಿಂದ. ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ಸಣ್ಣ ಸಲಕರಣೆ ಹಾಕಿ ತೆಗೆದು ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶ ಬರುವ ತನಕದ ದಿನಗಳು ಹೇಗೆ ಹೋದವೋ ನನಗೂ ಅವ್ವನಿಗೂ ಗೊತ್ತು. ಅವ್ವ ಊರಿಗೆ ಹೋಗಲಿಲ್ಲ. ಉಂಡಿಯ ಡಬ್ಬಿಯ ಮುಚ್ಚಳ ತೆಗೆಯಲೂ ಬಿಡಲಿಲ್ಲ. ಕೆಟ್ಟದ್ದೇನೂ ಇಲ್ಲ ಎಂದು ಡಾಕ್ಟರ್ ಹೇಳಿದ ದಿನ, ದವಾಖಾನೆಯ ಮೆಟ್ಟಿಲ ಮೇಲೆಯೇ ಡಬ್ಬಿ ತೆರೆದು ನನ್ನ ಬಾಯಿಗೆ ಒಂದು ಉಂಡಿ ತುರುಕಿದಳು. ಕಾವಲುಗಾರನಿಗೂ ಒಂದು ಕೊಟ್ಟಳು. ಡಾಕ್ಟರ್ ರಕ್ತ ಕೂಡಲು ಗುಳಿಗೆಯನ್ನೂ ಬರೆದುಕೊಟ್ಟಿದ್ದರು. ಮುಂದಿನ ತಿಂಗಳು ಐದೇ ದಿನಕ್ಕೆ ಮುಟ್ಟು ನಿಂತಾಗ, ಕುರ್ಚಿಯ ಮೇಲಿನ ಸೀರೆಯ ಮಡಿಕೆ ತೆಗೆದು ಒಗೆದು ಹಾಕಿದೆ.

ಆ ಬಟ್ಟೆಯ ಚೀಲವನ್ನು ಸಿಸ್ಟರ್ ಊರೂರು ತಿರುಗಿಸಿದರು. ಒಂದು ಸಲ ಒಂದು ಹಳ್ಳಿಯ ಗುಡಿಕಟ್ಟೆಗೆ ನಾನೂ ಜೊತೆಗೆ ಹೋಗಿದ್ದೆ. ಸಿಸ್ಟರ್ ಸಾಸಿವೆಯ ಗಂಟು ಎತ್ತಿ ಹಿಡಿದು "ಇದರಾಗ ತತ್ತಿ ಇರತಾವ" ಎಂದ ಕೂಡಲೇ ಒಬ್ಬ ಅಜ್ಜಿ ಸೆರಗು ಬಾಯಿಗೆ ಹಿಡಿದು, "ಶಿವಶಿವಾ, ನಾವು ತತ್ತಿ ಮುಟ್ಟೂ ಮಂದಿ ಅಲ್ರಿ" ಎಂದಳು. "ಮುಟ್ಟಬ್ಯಾಡ್ರಿ ಆಯಿ, ಹೊತ್ಕೊಂಡ ಅಡ್ಡಾಡೀರಿ ಇಷ್ಟ ವರ್ಷ" ಎಂದರು ಸಿಸ್ಟರ್. ಇಡೀ ಕಟ್ಟೆ ನಕ್ಕಿತು. ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕು, ಕೈ ಚಾಚಿ ಗಂಟು ಇಸಿದುಕೊಂಡಳು. ಮುದ್ದೇಬಿಹಾಳದ ಕಡೆಯ ನರ್ಸುಗಳು ತಮಗೂ ಬೇಕೆಂದರು, ಬಸವನ ಬಾಗೇವಾಡಿಯ ಒಬ್ಬ ಸಾಲಿ ಅಕ್ಕೋರು ಹುಡುಗಿಯರಿಗೆ ತೋರಿಸಲು ಒಯ್ದರು. ಈಗ ನಮ್ಮ ಓಣಿಯ ಹುಡುಗಿಯರು ಹೊಟ್ಟೆ ನೋಯುತ್ತದೆ ಎನ್ನುವುದಕ್ಕೆ "ಅಸ್ತರ ಬಿಚ್ಚಾಕತ್ತೈತಿ" ಎನ್ನುತ್ತಾರೆ. ಸಿಸ್ಟರ್ ನಿವೃತ್ತರಾದ ದಿನ ನಾನು ಅವರಿಗೆ ಒಂದು ಜಂಪರ್ ಹೊಲಿದು ಕೊಟ್ಟೆ, ಹಸಿರು ಖಣದ್ದು. ಇಷ್ಟು ದೊಡ್ಡ ಮನುಷ್ಯರನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ.

ಹೋದ ದೀಪಾವಳಿಗೆ ಅವ್ವ ಬಂದಿದ್ದಳು. ನಾನು ಯಾರದ್ದೋ ಜಂಪರಿಗೆ ಕೊಕ್ಕೆ ಹಚ್ಚುತ್ತಿದ್ದೆ. ಅವ್ವ ತನ್ನ ಬಟ್ಟೆಯ ಗಂಟಿನಿಂದ ಒಂದು ಹಳೆಯ ಖಣ ತೆಗೆದಳು. ಹಸಿರು ಮಾಸಿ ಬೂದಿಯಾಗಿತ್ತು. ನನ್ನನ್ನು ಹೊತ್ತಾಗ ಅವಳಿಗೆ ಮಾಡಿದ ಕುಬಸದ್ದು.

"ಇದರಾಗ ನನಗೊಂದು ಹೊಲದು ಕೊಡ" ಎಂದಳು.

"ಜಂಪರ್ ಆಗಂಗಿಲ್ಲಬೇ, ಅರಿವಿ ಜಾಳಾಗೇತಿ."

"ಜಂಪರಲ್ಲ. ಚೀಲ."

"ನಿನಗ್ಯಾಕ ಅದು?"

ಅವ್ವ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. "ನಂದು ಇಲ್ಲಲ್ಲ ಮತ್ತ."

ಕೊಕ್ಕೆ ಬಿಟ್ಟು ಅವತ್ತೇ ಕೂತೆ. ಜಾಳಾದ ಖಣಕ್ಕೆ ಹಿಂದೆ ಗಟ್ಟಿ ಅರಿವೆ ಕೊಟ್ಟು, ಗೋಡೆಗೆ ಕೌದಿಹೊಲಿಗೆ ಹಾಕಿ, ಕೆಂಪು ಅಸ್ತರ ಇಟ್ಟು, ಕುಚ್ಚಿನ ತುದಿಗಳನ್ನು ಹೊಲಿಯದೆ ಬಿಟ್ಟೆ. ಅವ್ವ ಪಕ್ಕದಲ್ಲಿ ಕೂತು ಸಾಸಿವೆ ಆರಿಸಿ ಕೊಟ್ಟಳು. ಆ ಸಲ ಟೇಪು ಮುಟ್ಟಲಿಲ್ಲ. ಒಂಬತ್ತು ತಿಂಗಳು ನಾನು ಇದ್ದ ಮನೆ ಅದು, ಅಳತೆ ಗೊತ್ತಿತ್ತು.